ಒಬ್ಬರೇ ಬಿಟ್ಟವರು ಕಡಿಮೆ

ಪತ್ರಿಕೋದ್ಯಮದ ತರಗತಿಯಲ್ಲಿ 1974 ಅಂದರೆ ವಾಟರ್‌ಗೇಟ್. ವಾಷಿಂಗ್ಟನ್ ಪೋಸ್ಟ್‌ನ ಇಬ್ಬರು ವರದಿಗಾರರು, ರಾಜೀನಾಮೆ ಕೊಟ್ಟ ಅಧ್ಯಕ್ಷ ನಿಕ್ಸನ್. ಅದೇ ವರ್ಷ ಅದೇ ದೇಶದ ಸಣ್ಣ ಊರಿನ ಸಂಪಾದಕರೊಬ್ಬರು ಮಾಡಿದ ಕೆಲಸವನ್ನು ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ.

ಊರು ಮಿನ್ನೆಸೋಟ ರಾಜ್ಯದ ಮಾಂಟಿಸೆಲೊ, ಪತ್ರಿಕೆ 'ಮಾಂಟಿಸೆಲೊ ಟೈಮ್ಸ್', ಸಂಪಾದಕರು ಲಿನ್ ಸ್ಮಿತ್. ಒಂದು ದಿನದ ಮಟ್ಟಿಗೆ ಎಲ್ಲರೂ ಒಟ್ಟಿಗೆ ಸಿಗರೇಟು ಬಿಡೋಣ ಎಂದು ಅವರು ಕರೆ ಕೊಟ್ಟರು. ಆ ದಿನಕ್ಕೆ 'ಡಿ-ಡೇ' ಎಂದು ಹೆಸರು, ಅಂದರೆ ಡೋಂಟ್ ಸ್ಮೋಕ್ ಡೇ. ಮಹಾಯುದ್ಧ ಕಂಡ ಅಮೆರಿಕನ್ನರಿಗೆ ಡಿ-ಡೇ ಎಂದರೆ ನಾರ್ಮಂಡಿ ತೀರದಲ್ಲಿ ಸೈನ್ಯ ಇಳಿದ ದಿನ. ತಲೆಬರಹ ಕೊಡಲು ಬಲ್ಲ ಮನುಷ್ಯ!

ಇದಕ್ಕೂ ಮೊದಲು, 1970ರಲ್ಲಿ, ಮ್ಯಾಸಚೂಸೆಟ್ಸ್‌ನ ರಾಂಡಾಲ್ಫ್ ಎಂಬ ಊರಿನಲ್ಲಿ ಆರ್ಥರ್ ಮುಲೇನಿ ಎನ್ನುವವರು ಇಂಥದ್ದೇ ಒಂದು ದಿನ ಮಾಡಿದ್ದರು. ಅವತ್ತು ಸಿಗರೇಟಿಗೆ ಹೋಗುವ ದುಡ್ಡನ್ನು ಹೈಸ್ಕೂಲ್ ಮಕ್ಕಳ ವಿದ್ಯಾರ್ಥಿವೇತನಕ್ಕೆ ಕೊಡಿ ಎಂದರು.

ತಿಳಿವಳಿಕೆಗೇನೂ ಕೊರತೆ ಇರಲಿಲ್ಲ. ಸಿಗರೇಟು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂಬ ಸರ್ಜನ್ ಜನರಲ್ ಲೂಥರ್ ಟೆರಿಯವರ ವರದಿ ಬಂದದ್ದು 1964ರಲ್ಲಿ. ಮರುವರ್ಷವೂ ಅಮೆರಿಕದ ವಯಸ್ಕರಲ್ಲಿ ಶೇ. 42ರಷ್ಟು ಮಂದಿ ಸೇದುತ್ತಿದ್ದರು. ನಿಕೋಟಿನ್ ಮೈಗೆ ಹಿಡಿಯುತ್ತದೆ, ನಿಜ. ಆದರೆ ಹಚ್ಚುವುದು ಜೊತೆಯಲ್ಲಿ. ಚಹಾದಂಗಡಿಯ ಬೆಂಚಿನ ಮೇಲೆ "ತಗೋ ಮಾರಾಯ" ಎಂದು ಕೈ ಚಾಚಿದವನಿಗೆ ಇಪ್ಪತ್ತು ವರ್ಷ ಜೊತೆಗೆ ಸೇದಿದವನು ಬೇಡ ಎನ್ನುವುದು ಎಷ್ಟು ಕಷ್ಟ ಅಂತ ನಮ್ಮೂರಿನವರಿಗೂ ಗೊತ್ತು. ಎಲ್ಲರೂ ಬಿಟ್ಟ ದಿನ ಕೈ ಚಾಚುವವರೇ ಕಡಿಮೆ.

1976ರ ನವೆಂಬರ್ 18ರಂದು ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಕರೆಗೆ ಕ್ಯಾಲಿಫೋರ್ನಿಯದಲ್ಲಿ ಸುಮಾರು ಹತ್ತು ಲಕ್ಷ ಜನ ಆ ದಿನ ಸಿಗರೇಟು ಬಿಟ್ಟರು. ಮರುವರ್ಷ ಅದೇ 'ಗ್ರೇಟ್ ಅಮೆರಿಕನ್ ಸ್ಮೋಕ್‌ಔಟ್' ಆಗಿ ದೇಶಕ್ಕೆಲ್ಲ ಹಬ್ಬಿತು. ಮರುದಿನವೇ ಮತ್ತೆ ಹಚ್ಚಿದವರು ಬೇಕಾದಷ್ಟು ಇದ್ದಿರಬೇಕು. ಒಂದು ದಿನದ ವ್ರತದಿಂದ ಹೆಚ್ಚು ನಿರೀಕ್ಷಿಸಬಾರದು.

ಜೊತೆಗಾರರ ಬಲವನ್ನು ಅಂಕಿಯಲ್ಲಿ ತೋರಿಸಿದ್ದು ಮುಲೇನಿಯವರ ರಾಜ್ಯದ್ದೇ ಇನ್ನೊಂದು ಊರು, ಫ್ರೇಮಿಂಗ್‌ಹ್ಯಾಮ್. ಅಲ್ಲಿ 1948ರಿಂದ ಹೃದ್ರೋಗದ ಅಧ್ಯಯನ ನಡೆಯುತ್ತಿದೆ. ಮುಂದೆ ಹುಡುಕಲು ಅನುಕೂಲವಾಗಲಿ ಎಂದು ಜನರಿಂದ ಆಪ್ತ ಸ್ನೇಹಿತರ ಹೆಸರನ್ನೂ ಬರೆಸಿಕೊಂಡಿದ್ದರು. ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಆ ಕಡತಗಳನ್ನು ತೆರೆದು, 1971ರಿಂದ 2003ರವರೆಗೆ 12,067 ಜನರ ನಂಟುಗಳನ್ನು ಜೋಡಿಸಿ 2008ರಲ್ಲಿ ಪ್ರಕಟಿಸಿದರು. ಗಂಡ ಅಥವಾ ಹೆಂಡತಿ ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇ. 67ರಷ್ಟು ಇಳಿಯುತ್ತಿತ್ತು. ಸ್ನೇಹಿತ ಬಿಟ್ಟರೆ ಶೇ. 36, ಒಡಹುಟ್ಟಿದವರು ಬಿಟ್ಟರೆ ಶೇ. 25. (ಅಣ್ಣನ ಬುದ್ಧಿಮಾತಿಗಿಂತ ಗೆಳೆಯನ ಸಹವಾಸ ದೊಡ್ಡದು!) ಜನ ಒಬ್ಬೊಬ್ಬರಾಗಿ ಅಲ್ಲ, ಗುಂಪುಗುಂಪಾಗಿ ಬಿಟ್ಟಿದ್ದರು.

ಅದೇ ನಕ್ಷೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. 1971ರಲ್ಲಿ ಸೇದುವವರು ಬಳಗದ ನಡುವೆಯೇ ಇದ್ದರು. ಮೂವತ್ತು ವರ್ಷಗಳಲ್ಲಿ ಉಳಿದವರು ಅಂಚಿಗೆ ಸರಿದಿದ್ದರು, ತಮ್ಮಂತೆ ಸೇದುವ ಕೆಲವರ ಜೊತೆ ಮಾತ್ರ. ಅವರ ಬಿಡುವಿಕೆಗೆ ಆಸರೆಯಾಗಬೇಕಿದ್ದ ಗೆಳೆಯರು ತಾವು ಬಿಟ್ಟು, ಬೆಂಚಿನಿಂದ ಎದ್ದು ಹೋಗಿಯಾಗಿತ್ತು.