‘ಗೆಡ್ಡೆ’ ಮುಚ್ಚಿಟ್ಟ ನೆಂಟಸ್ತನ

ಎಲೆಕೋಸು, ಹೂಕೋಸು, ಗೆಡ್ಡೆಕೋಸು. ಈ ಮೂರಕ್ಕೂ ‘ಕೋಸು’ ಎಂಬ ಒಂದೇ ಮನೆತನದ ಹೆಸರು ಇಟ್ಟವರ ಕಣ್ಣು ಬಹಳ ಚುರುಕು. ಒಂದರಲ್ಲಿ ಎಲೆ ಮಡಚಿಕೊಂಡು ತಲೆ ಕಟ್ಟುತ್ತದೆ, ಇನ್ನೊಂದರಲ್ಲಿ ಹೂಗೊಂಚಲು ಅರಳದೆ ಒತ್ತಾಗಿ ನಿಲ್ಲುತ್ತದೆ, ಮತ್ತೊಂದರಲ್ಲಿ ಕಾಂಡವೇ ಊದಿಕೊಳ್ಳುತ್ತದೆ. ಆದರೂ ಸಸ್ಯಶಾಸ್ತ್ರದಲ್ಲಿ ಮೂರೂ ಒಂದೇ ಜಾತಿ, ಬ್ರಾಸಿಕಾ ಒಲೆರೇಸಿಯಾ. ಹೊರಗಿನಿಂದ ಬಂದ ತರಕಾರಿಗಳನ್ನು ಕನ್ನಡ ಇಷ್ಟು ಸರಿಯಾಗಿ ಗುರುತು ಹಿಡಿದಿದ್ದು ನನಗೆ ಹೆಮ್ಮೆ.

ಮೂಲಂಗಿಯನ್ನು ಮಾತ್ರ ಬೇರೆ ಪಂಕ್ತಿಯಲ್ಲಿ ಕೂರಿಸಿದೆವು. ಸಂಸ್ಕೃತದಲ್ಲಿ ಅದು ಮೂಲಕ. ಬಾಗೇಪಲ್ಲಿ, ಚಿಂತಾಮಣಿ ಕಡೆಯ ತೆಲುಗು ಮನೆಗಳಲ್ಲಿ ಮುಲ್ಲಂಗಿ. ಬೇರೇ ಅದರ ಗುರುತಾಗಿಬಿಟ್ಟಿತು. ಸಂತೆಯಲ್ಲಿ ಕ್ಯಾರೆಟ್, ಬೀಟ್‌ರೂಟ್ ಜೊತೆ ಅದೂ ‘ಗೆಡ್ಡೆ ತರಕಾರಿ’. ಆದರೆ ಕ್ಯಾರೆಟ್ಟಿಗೆ ಕೊತ್ತಂಬರಿ ನೆಂಟ, ಬೀಟ್‌ರೂಟಿಗೆ ಪಾಲಕ್. ಮೂಲಂಗಿಯ ದಾಯಾದಿಗಳು ಕೋಸು ಮತ್ತು ಸಾಸಿವೆ. ಕೀಳದೆ ಬಿಟ್ಟ ಮೂಲಂಗಿ ಹೂವಿಗೆ ಬಂದಾಗ ನೋಡಿ: ಅಡ್ಡ-ಉದ್ದ ನಾಲ್ಕು ಎಸಳು, ಥೇಟ್ ಸಾಸಿವೆ ಹೂವಿನ ಹಾಗೆ, ಬಣ್ಣ ಮಾತ್ರ ಬಿಳಿ, ಇಲ್ಲವೆ ತಿಳಿ ನೇರಳೆ.

ನೆಂಟಸ್ತನ ಎಷ್ಟು ಹತ್ತಿರದ್ದೆಂದರೆ, 1920ರ ದಶಕದಲ್ಲಿ ರಷ್ಯಾದ ಗಿಯೋರ್ಗಿ ಕಾರ್ಪೆಚೆಂಕೊ ಮೂಲಂಗಿಯನ್ನೂ ಎಲೆಕೋಸನ್ನೂ ಕೂಡಿಸಿ ಬೀಜ ಕಟ್ಟುವ ಹೊಸ ಗಿಡವನ್ನೇ ಪಡೆದರು. ಎರಡಕ್ಕೂ 18 ವರ್ಣತಂತು, ಆ ಗಿಡಕ್ಕೆ 36. ಆದರೆ ಕೆಳಗೆ ಮೂಲಂಗಿ, ಮೇಲೆ ಕೋಸು ಸಿಗುವ ಬೆಳೆಯಾಗಲಿಲ್ಲ.

ನಾಲಿಗೆಗೆ ಈ ನೆಂಟಸ್ತನ ಮೊದಲೇ ಗೊತ್ತು. ಹಸಿ ಮೂಲಂಗಿ ತುರಿದಾಗಿನ ಘಾಟು, ನೀರು ಹಾಕಿ ಅರೆದ ಸಾಸಿವೆ ಮೂಗಿಗೆ ಏರುವ ರೀತಿ, ಎರಡರ ಹಿಂದೆಯೂ ಗ್ಲುಕೋಸಿನೊಲೇಟ್ ಎಂಬ ಗಂಧಕದ ಸಂಯುಕ್ತಗಳಿವೆ. ಗಿಡದೊಳಗೆ ಅವು ಒಂದು ಕಡೆ, ಅವನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ. ತುರಿದಾಗ, ಅರೆದಾಗ ಎರಡೂ ಬೆರೆತು ಘಾಟು ಹುಟ್ಟುತ್ತದೆ. ಕಾದ ಎಣ್ಣೆಗೆ ಬಿದ್ದ ಸಾಸಿವೆಯಲ್ಲಿ ಕಿಣ್ವ ಕೆಡುತ್ತದೆ. ಒಗ್ಗರಣೆ ಮೂಗಿಗೆ ಏರದಿರುವುದು ಅದಕ್ಕೇ. ಮುದ್ದೆಯ ಜೊತೆಗಿನ ಮೂಲಂಗಿ ಹುಳಿಯಲ್ಲಿ ಹೋಳು ಬೆಂದು ಸಿಹಿಯಾಗುವುದಕ್ಕೂ ಬೆಂಕಿಯದೇ ಕೈವಾಡ.

ನಮ್ಮನ್ನು ಮುಖ ಸಿಂಡರಿಸುವಂತೆ ಮಾಡುವ ಈ ಘಾಟೇ ವಜ್ರಬೆನ್ನಿನ ಪತಂಗಕ್ಕೆ ಮನೆ ವಿಳಾಸ. ಕೋಸನ್ನು ತೂತು ತೂತು ಮಾಡುವ ಹುಳು ಅದರ ಮರಿ. ಮೊಟ್ಟೆ ಇಡಲು ಪತಂಗ ಸಾಸಿವೆಯನ್ನೇ ಹೆಚ್ಚು ಇಷ್ಟಪಡುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅದನ್ನೇ ಉಪಾಯ ಮಾಡಿತು: ಪ್ರತಿ 25 ಸಾಲು ಎಲೆಕೋಸಿಗೆ ಸಾಸಿವೆಯ ಜೋಡಿ ಸಾಲು, ಒಂದನ್ನು ಕೋಸು ನಾಟಿಗೆ 15 ದಿನ ಮುಂಚೆ, ಇನ್ನೊಂದನ್ನು ನಾಟಿಯಾಗಿ 25 ದಿನಕ್ಕೆ ಬಿತ್ತಬೇಕು. ಹುಳು ಸಾಸಿವೆಗೆ ಹೋಗುತ್ತದೆ, ಔಷಧಿ ಹೊಡೆಯುವ ಖರ್ಚು ತಗ್ಗುತ್ತದೆ.

ಚಿಕ್ಕಬಳ್ಳಾಪುರದ ಬಯಲಿನಲ್ಲಿ ಬೋರ್‌ವೆಲ್ ನೀರು ನೆಚ್ಚಿ ವರ್ಷವಿಡೀ ತರಕಾರಿ ಬೆಳೆಯುವವರಿಗೆ ಈ ನೆಂಟಸ್ತನ ದುಡ್ಡಿನ ವಿಷಯ. ಬೆಳೆ ಬದಲಿಸಿ ಎಂದು ಹೇಳುವವರು ‘ಎಲೆಯಾದ ಮೇಲೆ ಗೆಡ್ಡೆ’ ಎಂದಷ್ಟೇ ಹೇಳಿದರೆ ಸಾಲದು. ಕೋಸು ಕಿತ್ತ ಹೊಲಕ್ಕೆ ಮೂಲಂಗಿ ಬಿತ್ತಿದರೆ ಹೆಸರು ಬದಲಾಯಿತು, ಮನೆತನ ಬದಲಾಗಲಿಲ್ಲ. ಪತಂಗಕ್ಕೆ ಮತ್ತೆ ಊಟ. ಅದೇ ಹೊಲಕ್ಕೆ ಹುರುಳಿಕಾಯಿಯನ್ನೋ ರಾಗಿಯನ್ನೋ ತಂದರೆ ಪತಂಗದ ಮರಿಗೆ ಅಲ್ಲಿ ತಿನ್ನಲು ಏನೂ ಸಿಗುವುದಿಲ್ಲ.