ತಂಡ ಯಾರದು?



ಹಾಸನದಿಂದ ಅರಸೀಕೆರೆ ಕಡೆಗೆ ಹೊರಟರೆ ಸಿಗುವ ಕೊರವಂಗಲವನ್ನು ನಿಮ್ಮಲ್ಲಿ ಬಹಳ ಮಂದಿ ಬಲ್ಲಿರಿ. ಅಲ್ಲಿಯ ಬೂಚೇಶ್ವರ ದೇವಾಲಯ 1173ರದು. ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ ಬೂಚಿರಾಜನೆಂಬ ಅಧಿಕಾರಿ ಅದನ್ನು ಕಟ್ಟಿಸಿದ. ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ದೇವಾಲಯದ ಇತಿಹಾಸವನ್ನಲ್ಲ. ಅದೇ ಊರಿನ ಟೀ ಅಂಗಡಿಯೊಂದರ ಮುಂದೆ ಕೇಳಿಬಂದ ಒಂದು ಪ್ರಶ್ನೆಯನ್ನು.

2021ರ ಮಳೆಗಾಲ. ಲಾಕ್‌ಡೌನ್ ಸಡಿಲಗೊಂಡು ಅಂಗಡಿಗಳು ತೆರೆದಿದ್ದ ದಿನಗಳು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನಮ್ಮ ಹುಡುಗರು ಊರಿಗೆ ಬಂದು ಕುಳಿತಿದ್ದರು. ಅವರ ನಡುವೆ ದೊಡ್ಡ ವಾಗ್ವಾದ ನಡೆದಿತ್ತು. ವಿಷಯ ರಾಜಕೀಯವಲ್ಲ, ಜಮೀನೂ ಅಲ್ಲ. ಬೆಂಗಳೂರು ಎಫ್.ಸಿ. ಫುಟ್ಬಾಲ್ ತಂಡ ರಾಹುಲ್ ಭೇಕೆ ಎಂಬ ರಕ್ಷಣಾ ಆಟಗಾರನನ್ನು ಉಳಿಸಿಕೊಳ್ಳದೆ ಹೋದದ್ದು ಸರಿಯೋ ತಪ್ಪೋ ಎಂಬುದು. ಒಬ್ಬ ಆಡಳಿತದ ಪರ, ಮೂವರು ವಿರುದ್ಧ. ಬಹಳ ಹೊತ್ತು ಕೇಳಿಸಿಕೊಂಡ ಅಂಗಡಿಯ ಯಜಮಾನರು ನನ್ನ ಕಡೆ ತಿರುಗಿ, "ಅಲ್ಲಾ ಸಾಬ್ರೇ, ದುಡ್ಡು ಅವ್ರದು, ಟೀಮು ಅವ್ರದು. ಈ ಹುಡುಗ್ರಿಗ್ಯಾಕೆ ಈ ಪಾಟಿ ತಲೆಬಿಸಿ?" ಎಂದರು.

ಆಗ ನಾನು ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ಸುಮ್ಮನಾಗಲಿಲ್ಲ. ತಂಡ ಯಾರದು? ಬೆಂಗಳೂರಿನ ಫುಟ್ಬಾಲ್ ಇತಿಹಾಸವನ್ನು ಸ್ವಲ್ಪ ಹಿಂದಕ್ಕೆ ತಿರುವಿ ನೋಡಿದರೆ ಈ ಪ್ರಶ್ನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರವಿದ್ದದ್ದು ಕಾಣುತ್ತದೆ. ಅದರಲ್ಲಿ ನಮ್ಮ ಹಿರಿಯರ ಪಾಲೂ ಇದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇದು ತಿಳಿಯದು.

1891ರಲ್ಲಿ ಎರಡು ಸಂಗತಿಗಳು ನಡೆದವು. ಬೊಂಬಾಯಿಯಲ್ಲಿ ರೋವರ್ಸ್ ಕಪ್ ಪಂದ್ಯಾವಳಿ ಆರಂಭವಾಯಿತು. ಕಲ್ಕತ್ತೆಯಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ ಹುಟ್ಟಿತು. ರೋವರ್ಸ್ ಕಪ್ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬ್ರಿಟಿಷ್ ಸೇನಾ ತುಕಡಿಗಳ ಮನೆಯ ಸೊತ್ತಿನಂತಿತ್ತು. ಮೊಹಮ್ಮಡನ್ ಕ್ಲಬ್ಬೂ ಅಷ್ಟೇ ಕಾಲ ಹೆಸರಿಲ್ಲದೆ ಕಳೆಯಿತು. 1930ರ ದಶಕದಲ್ಲಿ ಆ ಕ್ಲಬ್ಬಿನ ಆಡಳಿತ ಎರಡು ತೀರ್ಮಾನಗಳನ್ನು ಕೈಗೊಂಡಿತು. ಇಂದಿನ ಹುಡುಗರಾಗಿದ್ದರೆ ಈ ಎರಡರ ಮೇಲೂ ರಾತ್ರಿಯಿಡೀ ವಾದ ಮಾಡುತ್ತಿದ್ದರು.

ಮೊದಲನೆಯದು, ಬಂಗಾಳದ ಹೊರಗಿನಿಂದ ಆಟಗಾರರನ್ನು ಕರೆಸುವುದು. ಕ್ವೆಟ್ಟಾದಿಂದ ಬಂದರು, ನಮ್ಮ ಬೆಂಗಳೂರಿನಿಂದಲೂ ಹೋದರು. ಎರಡನೆಯದು ಇನ್ನೂ ಸರಳವಾದದ್ದು, ಬೂಟು. ಆ ಕಾಲದ ಭಾರತೀಯ ಆಟಗಾರರು ಬರಿಗಾಲಲ್ಲಿ ಆಡುತ್ತಿದ್ದರು. ಒಣ ಮೈದಾನದಲ್ಲಿ ಅದೇ ಅವರ ಬಲ, ಮಳೆ ಬಿದ್ದು ಕೆಸರಾದರೆ ಅದೇ ಶಾಪ. ಬೂಟು ತೊಟ್ಟ ಸೈನಿಕರು ನಿಂತಲ್ಲಿ ನಿಲ್ಲುತ್ತಿದ್ದರು, ನಮ್ಮವರು ಜಾರುತ್ತಿದ್ದರು. ಕಲ್ಕತ್ತೆಯ ಲೀಗ್ ನಡೆಯುವುದೋ ಮಳೆಗಾಲದಲ್ಲೇ! ಒದ್ದೆ ಮೈದಾನಕ್ಕೆ ಬೂಟು ತೊಟ್ಟು ಇಳಿಯಬೇಕೆಂದು ಮೊಹಮ್ಮಡನ್ ಕ್ಲಬ್ ಅಭ್ಯಾಸ ಮಾಡಿಸಿತು. ಮೊದಲ ದರ್ಜೆಗೆ ಬಂದ ವರ್ಷವೇ, ಅಂದರೆ 1934ರಲ್ಲಿ, ಕಲ್ಕತ್ತಾ ಲೀಗ್ ಗೆದ್ದ ಮೊಟ್ಟಮೊದಲ ಭಾರತೀಯ ಕ್ಲಬ್ ಅದಾಯಿತು. 1938ರವರೆಗೆ ಸತತ ಐದು ಬಾರಿ ಗೆದ್ದಿತು. 1936ರಲ್ಲಿ ಐ.ಎಫ್.ಎ. ಶೀಲ್ಡ್, 1940ರಲ್ಲಿ ದೆಹಲಿಯಲ್ಲಿ ಡ್ಯುರಾಂಡ್ ಕಪ್.

ಹೊರಗಿನವರನ್ನು ಕರೆತಂದರೆ ಸ್ಥಳೀಯ ಹುಡುಗರಿಗೆ ಜಾಗವೆಲ್ಲಿ ಎಂಬ ಪ್ರಶ್ನೆ ಕಲ್ಕತ್ತೆಯಲ್ಲಿ ಮುಂದೆ ದಶಕಗಳ ಕಾಲ ಚರ್ಚೆಯಾಯಿತು. ಇಂದು ವಿದೇಶಿ ಆಟಗಾರರ ಬಗ್ಗೆ ನಾವು ಕೇಳುವುದೂ ಅದನ್ನೇ. ಮಾತು ಹಳೆಯದು, ಅಂಗಿ ಮಾತ್ರ ಹೊಸದು.

ಈಗ ಬೆಂಗಳೂರಿಗೆ ಬರೋಣ. 1937ರಲ್ಲಿ ರೋವರ್ಸ್ ಕಪ್ಪಿನ ಅಂತಿಮ ಪಂದ್ಯಕ್ಕೆ ಬಂದದ್ದು ಎರಡು ಭಾರತೀಯ ತಂಡಗಳು. ಒಂದು ಮೊಹಮ್ಮಡನ್ ಸ್ಪೋರ್ಟಿಂಗ್, ಇನ್ನೊಂದು ಬೆಂಗಳೂರು ಮುಸ್ಲಿಮ್ಸ್. ಬೆಂಗಳೂರಿನ ಪ್ರತಿಭೆಯನ್ನು ಕರೆಸಿಕೊಂಡು ಮೆರೆದಿದ್ದ ಕ್ಲಬ್ಬನ್ನು ಬೆಂಗಳೂರಿನಲ್ಲಿ ಉಳಿದವರ ತಂಡ 1–0ರಿಂದ ಸೋಲಿಸಿತು. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ನಮ್ಮ ರಾಜ್ಯದ್ದು ಎಂಬುದನ್ನು ಎಷ್ಟು ಶಾಲೆಗಳ ರಸಪ್ರಶ್ನೆಯಲ್ಲಿ ಕೇಳಿದ್ದೀರಿ? ಮರುವರ್ಷ ಸೇನಾ ತಂಡವನ್ನು ಸೋಲಿಸಿ ಮತ್ತೆ ಗೆದ್ದರು. 1948ರಲ್ಲಿ ಮೂರನೆಯ ಬಾರಿ.

ಆ ಬಗೆಯ ಕ್ಲಬ್‌ಗಳಲ್ಲಿ ಆಡಳಿತವೆಂದರೆ ನಗರದ ಪರಿಚಿತ ಮುಖಗಳು. ಕಾರ್ಯದರ್ಶಿಯನ್ನು ರಸ್ತೆಯಲ್ಲಿ ನಿಲ್ಲಿಸಿ ಕೇಳಬಹುದಾಗಿತ್ತು. ಚಂದಾ ಕೊಟ್ಟವನೂ, ಚಪ್ಪಾಳೆ ತಟ್ಟಿದವನೂ, ತಂಡ ಆರಿಸಿದವನೂ ಒಂದೇ ಮೊಹಲ್ಲಾದವರಾಗಿರುವುದು ಸಾಮಾನ್ಯ. ಟೀ ಅಂಗಡಿಯ ಯಜಮಾನರ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ. (ನಮ್ಮ ಸಂಘಗಳ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರದ ಮೇಲೆ ಏಳುವ ಗದ್ದಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.)

ಹಾಗೆಂದು ಎಲ್ಲವೂ ಸುಗಮವಾಗಿತ್ತೆಂದಲ್ಲ. ಚಂದಾ ಹಣದ ಕ್ಲಬ್ಬಿಗೆ ದೊಡ್ಡ ಆಟಗಾರನನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯಿಲ್ಲ. ಬೆಂಗಳೂರು ಮುಸ್ಲಿಮ್ಸ್ ಪರ ಆಡಿದ ಅಹ್ಮದ್ ಖಾನ್ ಅವರನ್ನೇ ನೋಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿ ಬಂದರು. 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ಬೆಂಗಳೂರಿನವರೇ ಆದ ಧನರಾಜ್ ಹಾಗೂ ವೆಂಕಟೇಶ್, ಅಪ್ಪಾರಾವ್, ಸಾಲೆ ಅವರೊಡನೆ 'ಪಂಚಪಾಂಡವರು' ಎಂದು ಹೆಸರಾದರು. ಆ ಕ್ಲಬ್ 1949ರಿಂದ 1951ರವರೆಗೆ ಸತತ ಮೂರು ಬಾರಿ ಐ.ಎಫ್.ಎ. ಶೀಲ್ಡ್ ಗೆದ್ದಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಭಾರತ 10–1ರಿಂದ ಸೋತಾಗ ಆ ಒಂದು ಗೋಲು ಅಹ್ಮದ್ ಖಾನ್ ಅವರದು. 2017ರಲ್ಲಿ ಅವರು ತೀರಿಕೊಂಡರು. ಬೆಂಗಳೂರು ಬೆಳೆಸಿದ ಆಟವನ್ನು ಕಲ್ಕತ್ತೆ ಅನುಭವಿಸಿತು.

ನಂತರದ ಕಾಲ ಕಾರ್ಖಾನೆಗಳದು. ಎಚ್.ಎ.ಎಲ್., ಐ.ಟಿ.ಐ. ಮುಂತಾದ ಸಂಸ್ಥೆಗಳು ಆಟಗಾರನಿಗೆ ನೌಕರಿ ಕೊಟ್ಟವು. ಮೊಣಕಾಲು ಮುರಿದರೂ ಸಂಬಳ ನಿಲ್ಲುತ್ತಿರಲಿಲ್ಲ. ಇದು ಬಹು ದೊಡ್ಡ ಮಾತು. ಇಂದಿನ ಒಪ್ಪಂದದ ಆಟಗಾರನಿಗೆ ಈ ಭಾಗ್ಯವಿಲ್ಲ. 1977ರ ಮೊಟ್ಟಮೊದಲ ಫೆಡರೇಷನ್ ಕಪ್ಪನ್ನು ಎತ್ತಿದ್ದು ಐ.ಟಿ.ಐ., ಅದೂ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ. ಆದರೆ ತಂಡದ ಹಣೆಬರಹ ಕಾರ್ಖಾನೆಯ ಕಡತದಲ್ಲಿತ್ತು. ಹೊಸ ನೇಮಕಾತಿ ಬತ್ತಿದಂತೆ ತಂಡಗಳೂ ಬತ್ತಿದವು. 2012ರಲ್ಲಿ ಎಚ್.ಎ.ಎಲ್. ಐ-ಲೀಗ್‌ನಿಂದ ಹೊರಬಿದ್ದಾಗ ಅಭಿಮಾನಿಗಳು ಯಾರನ್ನು ಕೇಳಬೇಕಿತ್ತು?

2013ರಲ್ಲಿ ಜೆ.ಎಸ್.ಡಬ್ಲ್ಯು ಸಮೂಹ ಬೆಂಗಳೂರು ಎಫ್.ಸಿ. ಸ್ಥಾಪಿಸಿತು. ಮೊದಲ ವರ್ಷವೇ ಐ-ಲೀಗ್ ಗೆದ್ದ ತಂಡ ಅದು. 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಯಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನಿಂತು ಹಾಡುವವರು ತಮ್ಮನ್ನು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಕರೆದುಕೊಂಡರು. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮಾರ್ಗದ ರೈಲು ಓಡತೊಡಗಿದ ಮೇಲೆ ಹಾಸನ, ಚನ್ನರಾಯಪಟ್ಟಣದ ಹುಡುಗರಿಗೂ ಆ ಗ್ಯಾಲರಿ ಹತ್ತಿರವಾಯಿತು.

ವಿದ್ಯಾರ್ಥಿ ಮಿತ್ರರೇ, ಮೈದಾನದ ಹೊರಗಿನ ಆಡಳಿತ ಏನು ಮಾಡುತ್ತದೆ ಎಂಬುದನ್ನೂ ನ್ಯಾಯವಾಗಿ ತಿಳಿಯಬೇಕು. ಯಾರಿಗೆ ಎಷ್ಟು ವರ್ಷದ ಒಪ್ಪಂದ, ಎಷ್ಟು ಸಂಬಳ, ಯಾವ ತರಬೇತುದಾರ, ಯಾವ ವಿದೇಶಿ ಆಟಗಾರ ಎಂಬುದನ್ನೆಲ್ಲ ಅಲ್ಲಿಯೇ ತೀರ್ಮಾನಿಸುತ್ತಾರೆ. ಐ.ಎಸ್.ಎಲ್.ನಲ್ಲಿ 2021–22ರಿಂದ ಮೈದಾನದಲ್ಲಿ ಒಮ್ಮೆಗೆ ನಾಲ್ವರು ವಿದೇಶಿಯರಷ್ಟೇ ಇರಬಹುದೆಂದು ನಿಯಮವಾಯಿತು. ಹಾಗಾದಾಗ ಒಳ್ಳೆಯ ಭಾರತೀಯ ರಕ್ಷಣಾ ಆಟಗಾರನ ಬೆಲೆ ತಾನಾಗಿ ಏರುತ್ತದೆ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನನ್ನು ಬಿಡಬೇಕು. ಗ್ಯಾಲರಿಯಲ್ಲಿ ಕುಳಿತವನಿಗೆ ಈ ಲೆಕ್ಕ ಕಾಣುವುದಿಲ್ಲ.

ರಾಹುಲ್ ಭೇಕೆಯ ವಿಷಯ ಇಂಥದು. 2019ರ ಮಾರ್ಚ್ 17ರಂದು ಗೋವಾ ತಂಡದ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಅವರ ತಲೆಗೆ ತಾಗಿದ ಚೆಂಡೇ ಬೆಂಗಳೂರಿಗೆ ಐ.ಎಸ್.ಎಲ್. ಕಪ್ ತಂದದ್ದು. ಆ ಕಪ್ ಗೆಲ್ಲಿಸಿದ ತರಬೇತುದಾರ ಕಾರ್ಲೆಸ್ ಕ್ವಾಡ್ರಾಟ್ ಅವರನ್ನು 2021ರ ಜನವರಿಯಲ್ಲಿ ಸತತ ಮೂರು ಸೋಲುಗಳ ನಂತರ ಕಳುಹಿಸಲಾಯಿತು. ಅದೇ ವರ್ಷ ಭೇಕೆ ಮುಂಬೈ ಸಿಟಿ ಸೇರಿದರು. ಬೂಚಿರಾಜ ಏಕೆ ಕಟ್ಟಿಸಿದನೆಂಬುದು ಎಂಟೂವರೆ ಶತಮಾನದ ಮೇಲೂ ನಮಗೆ ತಿಳಿದಿದೆ. ಒಬ್ಬ ಆಟಗಾರನನ್ನು ಏಕೆ ಬಿಟ್ಟರೆಂಬುದಕ್ಕೆ ಕ್ಲಬ್‌ಗಳು ಸಾಮಾನ್ಯವಾಗಿ ಕೊಡುವುದು ಧನ್ಯವಾದದ ಎರಡು ಸಾಲು.

ಮುಂದೆ ಏನಾಯಿತು? 2023ರ ಡಿಸೆಂಬರ್‌ನಲ್ಲಿ ಮುಂಬೈ ತಂಡ ಕಂಠೀರವಕ್ಕೆ ಬಂದು 4–0ರಿಂದ ಗೆದ್ದಿತು. ಮರುದಿನವೇ ಬೆಂಗಳೂರು ತನ್ನ ತರಬೇತುದಾರ ಸೈಮನ್ ಗ್ರೇಸನ್ ಅವರನ್ನು ಬಿಟ್ಟಿತು. ಆ ಋತುವಿನಲ್ಲಿ ಬೆಂಗಳೂರಿಗೆ ಹನ್ನೆರಡರಲ್ಲಿ ಹತ್ತನೆಯ ಸ್ಥಾನ. ಕಪ್ ಎತ್ತಿದ ಮುಂಬೈ ತಂಡಕ್ಕೆ ನಾಯಕ ರಾಹುಲ್ ಭೇಕೆ. 2024ರಲ್ಲಿ ಬೆಂಗಳೂರು ಅವರನ್ನೇ ಮರಳಿ ಕರೆಸಿಕೊಂಡಿತು. ಆ ಮಳೆಗಾಲದಲ್ಲಿ ಕೊರವಂಗಲದ ಮೂವರು ಹುಡುಗರು ಹೇಳಿದ್ದು ಕೊನೆಗೆ ಸರಿಯಾಯಿತೆಂದೇ ನನ್ನ ಅಭಿಪ್ರಾಯ.

ಆದರೆ ಅದೇ ಮೂವರು ಇನ್ನೊಂದು ವಿಷಯದಲ್ಲಿ ಪೂರ್ತಿ ತಪ್ಪಿದರು. ಸುನಿಲ್ ಛೇಟ್ರಿಗೆ ವಯಸ್ಸಾಯಿತು, ಜಾಗ ಬಿಟ್ಟುಕೊಡಲಿ ಎಂದು ಅವರು ವಾದಿಸುತ್ತಿದ್ದರು. ಆಡಳಿತ ಕೇಳಲಿಲ್ಲ. 2024–25ರಲ್ಲಿ ನಲವತ್ತರ ಛೇಟ್ರಿ 14 ಗೋಲು ಹೊಡೆದು ಲೀಗಿನ ಭಾರತೀಯರಲ್ಲೇ ಮೊದಲಿಗರಾದರು, ತಂಡ ಅಂತಿಮ ಪಂದ್ಯ ತಲುಪಿತು. ಅಭಿಮಾನಿಯ ತೀರ್ಪು ಎಷ್ಟೋ ಬಾರಿ ಹುಸಿಯಾಗುತ್ತದೆ. ಕೇಳುವ ಹಕ್ಕು ತೀರ್ಪು ಸರಿಯಾಗುವುದರ ಮೇಲೆ ನಿಂತಿಲ್ಲ; ಮಳೆಯಲ್ಲಿ ನೆನೆದು ನಿಂತು ಟಿಕೆಟ್ಟು ಕೊಂಡವನ ಪ್ರೀತಿಯ ಮೇಲೆ ನಿಂತಿದೆ. ಈ ಪ್ರೀತಿ ಇಲ್ಲದಿದ್ದರೆ ಮಾಲೀಕನ ಕೈಯಲ್ಲಿ ಉಳಿಯುವುದು ಹನ್ನೊಂದು ಅಂಗಿಗಳು ಮಾತ್ರ.

ಕೇಳಿದರೆ ಏನಾದರೂ ಆಗುತ್ತದೆಯೇ ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. 2020ರಲ್ಲಿ ಮೋಹನ್ ಬಾಗಾನ್ ಫುಟ್ಬಾಲ್ ವಿಭಾಗ ಎ.ಟಿ.ಕೆ. ಜೊತೆ ಸೇರಿ 'ಎ.ಟಿ.ಕೆ. ಮೋಹನ್ ಬಾಗಾನ್' ಆಯಿತು. ತಮ್ಮ ಹಳೆಯ ಹೆಸರಿನ ಮುಂದೆ ಇನ್ನೊಂದು ಹೆಸರು ಬಂದದ್ದನ್ನು ಬೆಂಬಲಿಗರು ಒಪ್ಪಲಿಲ್ಲ. ಮೂರು ಋತುಗಳ ಕಾಲ ಬ್ಯಾನರ್ ಹಿಡಿದರು, ಪ್ರತಿಭಟಿಸಿದರು. 2023ರ ಮಾರ್ಚ್ 18ರ ರಾತ್ರಿ ಗೋವಾದಲ್ಲಿ ಐ.ಎಸ್.ಎಲ್. ಅಂತಿಮ ಪಂದ್ಯ ಮುಗಿದ ಮೇಲೆ ಆ ಹೆಸರು ತೆಗೆಯುವುದಾಗಿ ಮಾಲೀಕರೇ ಪ್ರಕಟಿಸಿದರು. ಅಂದು ಪೆನಾಲ್ಟಿಯಲ್ಲಿ ಸೋತ ತಂಡ ನಮ್ಮ ಬೆಂಗಳೂರು. ನಮ್ಮ ಹುಡುಗರು ತಲೆತಗ್ಗಿಸಿ ಟಿ.ವಿ. ಆರಿಸಿದ್ದರಿಂದ ಆ ಸುದ್ದಿಯನ್ನು ಮರುದಿನವಷ್ಟೇ ಕೇಳಿದರು. ಜರ್ಮನಿಯಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಕ್ಲಬ್ಬಿನ ಮತಾಧಿಕಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಬಳಿಯೇ ಇರಬೇಕೆಂಬ ನಿಯಮವಿದೆ. ಅಲ್ಲಿ ಬೀದಿಗಿಳಿಯುವ ಮೊದಲು ಕೈ ಎತ್ತಿ ಮತ ಹಾಕಬಹುದು.

2025ರ ಆಗಸ್ಟ್‌ನಲ್ಲಿ ಐ.ಎಸ್.ಎಲ್. ನಡೆಯುವುದೋ ಇಲ್ಲವೋ ಎಂಬ ಅನಿಶ್ಚಿತತೆಯ ನಡುವೆ ಬೆಂಗಳೂರು ಎಫ್.ಸಿ. ತನ್ನ ಹಿರಿಯರ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಆ ವಾರ ನಾನು ಕೊರವಂಗಲಕ್ಕೆ ಹೋಗಿದ್ದೆ. ಹುಡುಗರು ಈ ಬಾರಿ ಜಗಳವಾಡುತ್ತಿರಲಿಲ್ಲ. ಮೊಬೈಲ್ ನೋಡುತ್ತ ಸುಮ್ಮನೆ ಕುಳಿತಿದ್ದರು. ಅಂಗಡಿಯ ಯಜಮಾನರು ವಿಷಯ ಏನೆಂದು ಕೇಳಿದರು. ಹೇಳಿದೆ.

"ಸಂಬಳ ನಿಲ್ಸವ್ರಾ? ಆಡೋ ಹುಡುಗ್ರಿಗೆ ಮನೆ ಮಠ ಇಲ್ವಾ ಸಾಬ್ರೇ? ಯಾರನ್ನ ಕೇಳಿ ನಿಲ್ಸಿದ್ರು?" ಎಂದರು ಅವರು.