ಗಡಿ ದಾಟಿದ ಅಂಚೆಕಾರ್ಡು

ಕಾಲೇಜಿನ ಗೆಳೆತನ ಪದವಿಪತ್ರದೊಡನೆ ಮುಗಿಯುತ್ತದೆ ಎನ್ನುವವರುಂಟು. 1968ರಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಿಂದ ಬಿ.ಎ. ಮುಗಿಸಿ ಹೊರಬಂದ ನಮ್ಮ ಅನುಭವ ಬೇರೆಯೇ. ಅದನ್ನು ಹೇಳುವ ಮುನ್ನ ಆ ಕಾಲೇಜಿನ ಹಿನ್ನೆಲೆಯನ್ನು ತುಸು ನೆನೆಯುವುದು ಉಚಿತ.

1916ರಲ್ಲಿ ಏಳು ಮಂದಿ ಹಿರಿಯರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಆಗ ಪದವಿ ಓದಬಯಸುವ ಇಲ್ಲಿನ ಹುಡುಗರು ಪುಣೆಯಂಥ ದೂರದ ಊರುಗಳಿಗೆ ಹೋಗಬೇಕಿತ್ತು. 1933ರಲ್ಲಿ ಶಿರಸಂಗಿ ಲಿಂಗರಾಜರ ಹೆಸರಿನಲ್ಲಿ ಈ ಕಾಲೇಜು ಆರಂಭವಾಯಿತು. 1945ರಲ್ಲಿ ರಾಣಿ ಪಾರ್ವತಿದೇವಿ ಕಾಲೇಜು ಬಂದಿತು. 1950ರ ದಶಕದಲ್ಲಿ ಎ.ಕೆ. ರಾಮಾನುಜನ್ ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿದ್ದರು. ಚಂದ್ರಶೇಖರ ಕಂಬಾರರು ಓದಿದ್ದೂ ಇಲ್ಲಿಯೇ. ಮುಂದೆ ಇಬ್ಬರೂ ದೂರದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.

ನಮ್ಮ ತರಗತಿಯಲ್ಲಿ ಖಾನಾಪುರದ ಕಡೆಯವರು ಹಲವರಿದ್ದರು. ಲೋಂಡಾ ಕಡೆಯಿಂದ ಬರುವ ಮೀಟರ್‌ಗೇಜ್ ರೈಲಿನಲ್ಲಿ ಬುತ್ತಿಗಂಟು ಕಟ್ಟಿಕೊಂಡು ಬರುತ್ತಿದ್ದರು. ಮಲೆನಾಡ ಮಳೆಗೆ ತೊಯ್ದ ಅವರ ಪುಸ್ತಕಗಳು ಆಷಾಢವಿಡೀ ಒಣಗುತ್ತಿರಲಿಲ್ಲ. ಅವರಲ್ಲಿ ಹೆಚ್ಚಿನವರ ಮನೆಮಾತು ಮರಾಠಿ. ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಗೆಳೆಯನೂ ಅವರಲ್ಲೊಬ್ಬ. ಅವನು ಮರಾಠಿಯಲ್ಲಿ ಕೇಳಿದರೆ ನಾನು ಕನ್ನಡದಲ್ಲಿ ಉತ್ತರಿಸುತ್ತಿದ್ದೆ. ಅದು ಯಾರಿಗೂ ವಿಶೇಷವೆನಿಸುತ್ತಿರಲಿಲ್ಲ.

1966ರಲ್ಲಿ ಕೇಂದ್ರ ಸರ್ಕಾರ ಮಹಾಜನ ಆಯೋಗವನ್ನು ನೇಮಿಸಿತು. ಮರುವರ್ಷ ಬಂದ ವರದಿ ಬೆಳಗಾವಿ ನಗರ ಮೈಸೂರು ರಾಜ್ಯದಲ್ಲೇ ಉಳಿಯಲೆಂದೂ ಖಾನಾಪುರ, ನಂದಗಡ, ನಿಪ್ಪಾಣಿಗಳು ಮಹಾರಾಷ್ಟ್ರಕ್ಕೆ ಸೇರಲೆಂದೂ ಶಿಫಾರಸು ಮಾಡಿತು. ಅದು ಜಾರಿಗೆ ಬರಲೇ ಇಲ್ಲ. ಆದರೆ ಗೆರೆ ನಮ್ಮ ಬೆಂಚಿನ ನಡುವೆ ಬಿದ್ದೇಬಿಟ್ಟಿತು. ಒಂದು ಸಂಜೆ ರೈಲು ನಿಲ್ದಾಣದಲ್ಲಿ ಆಡಬಾರದ ಮಾತುಗಳನ್ನು ಇಬ್ಬರೂ ಆಡಿದೆವು. ಪದವಿ ಪಡೆದಾಗಲೂ ಮಾತಿರಲಿಲ್ಲ.

ಶಹಾಪುರದ ಇನ್ನೊಬ್ಬ ಸಹಪಾಠಿ ಎಲ್ಲರ ವಿಳಾಸಗಳನ್ನು ಒಂದು ಕಿರ್ದಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ. ವರ್ಗಾವಣೆಯಾದವರ ವಿಳಾಸ ತಿದ್ದಲು ಪೆನ್ಸಿಲನ್ನೇ ಬಳಸುತ್ತಿದ್ದ. 1975ರಲ್ಲಿ ನನ್ನ ತಂದೆ ತೀರಿಕೊಂಡ ಸುದ್ದಿಯನ್ನು ಖಾನಾಪುರಕ್ಕೆ ಮುಟ್ಟಿಸಿದವನು ಅವನೇ. ಹತ್ತನೆಯ ದಿನ ಒಂದು ಅಂಚೆಕಾರ್ಡು ಬಂದಿತು. ಒತ್ತಕ್ಷರಗಳೆಲ್ಲ ತಪ್ಪಿದ್ದ ಕನ್ನಡದಲ್ಲಿ, ನಿನ್ನ ತಂದೆ ನನಗೂ ಊಟ ಬಡಿಸಿದವರು ಎಂದಷ್ಟೇ ಇತ್ತು. ಕನ್ನಡ ಬರೆಯಲು ಅವನು ಯಾವಾಗ ಕಲಿತನೋ ತಿಳಿಯದು. ನಾನು ತಿಳಿದಷ್ಟು ಮರಾಠಿಯಲ್ಲಿ ಉತ್ತರ ಬರೆದೆ.

ಅಂದಿನಿಂದ ಪ್ರತಿ ಸಂಕ್ರಮಣಕ್ಕೆ ಲಕೋಟೆಯಲ್ಲಿ ನಾಲ್ಕು ಕುಸುರೆಳ್ಳು ಬರುತ್ತವೆ. ಬೆಳಗಾವಿ ಎಂಬ ಹೆಸರು ಎಲ್ಲ ಭಾಷೆಗಳಿಗೂ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಅವನ ಲಕೋಟೆಗಳ ಮೇಲೆ ಅದಕ್ಕೂ ಬಹಳ ಮೊದಲಿನಿಂದ ಅದೇ ಹೆಸರಿತ್ತು. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದ ಮೇಲೆ, ನಿವೃತ್ತರಾದ ನಾವೆಲ್ಲ ವರ್ಷಕ್ಕೊಮ್ಮೆ ಖಾನಾಪುರದ ಮಲಪ್ರಭೆಯ ದಂಡೆಯಲ್ಲಿ ಸೇರತೊಡಗಿದೆವು. ಮೊದಲ ವರ್ಷ ಇಪ್ಪತ್ತಮೂರು ಮಂದಿ. ಕಳೆದ ಸಲ ಆರು.

ಶಹಾಪುರದ ಗೆಳೆಯ ಈಗಿಲ್ಲ. ಕಿರ್ದಿ ನನ್ನ ಬಳಿಯಿದೆ. ಖಾನಾಪುರದವನಿಗೆ ಕಿವಿ ಮಂದವಾಗಿ ಫೋನು ಕೇಳಿಸದು. ಆದ್ದರಿಂದ ಮತ್ತೆ ಕಾರ್ಡಿಗೇ ಮರಳಿದ್ದೇವೆ. ಓದುಗ ಮಿತ್ರರೇ, ನಿಮ್ಮ ತರಗತಿಯಲ್ಲೂ ಹೀಗೆ ಮಾತು ಬಿಟ್ಟವರೊಬ್ಬರು ಇರಬಹುದು. ವಿಳಾಸ ಪೆನ್ಸಿಲಿನಲ್ಲಿರುವಾಗಲೇ ಬರೆದುಬಿಡಿ.